ತೋಳಳತೆಯ ಕಡಲು

ಮೀನು, ಹವಳ ಸಾಕುವ ಸಮುದ್ರದ ನೀರಿನ ತೊಟ್ಟಿ ಎಷ್ಟು ಆಳವಿರಬೇಕೆಂದು ಅಣ್ಣ ತನ್ನ ತೋಳಿನಿಂದಲೇ ಅಳೆದ. ಗಾಲಿಕುರ್ಚಿಯನ್ನು ಮುಂಗೋಣೆಯ ಗೋಡೆಗೆ ಒತ್ತಿ ನಿಲ್ಲಿಸಿಕೊಂಡು, ಬಲಗೈಯನ್ನು ಪಕ್ಕಕ್ಕೆ ಇಳಿಬಿಟ್ಟು, ಕಂಕುಳಿನಿಂದ ಬೆರಳ ತುದಿಯವರೆಗೆ ಟೇಪು ಹಿಡಿ ಎಂದು ನನಗೆ ಹೇಳಿದ.

"ಇಷ್ಟೇ ಆಳ. ತಳದ ಮರಳು ನನ್ನ ಬೆರಳಿಗೆ ಸಿಗ್ಬೇಕು."

"ಅಂಗಡೀಲಿ ರೆಡಿ ಇರೋದನ್ನೇ ತಂದ್ರಾಯ್ತಪ್ಪ" ಎಂದೆ. ನನಗೆ ತಾಳ್ಮೆ ಕಡಿಮೆ. ಡ್ರೈವಿಂಗ್ ಸ್ಕೂಲಿನಲ್ಲಿ ದಿನವಿಡೀ ಕಂಡವರ ತಪ್ಪಿಗೆಲ್ಲ ಬ್ರೇಕು ತುಳಿಯುವವಳು ನಾನು. ಇದ್ದಬದ್ದ ತಾಳ್ಮೆ ಅಲ್ಲೇ ಖರ್ಚಾಗಿ, ಮನೆಗೆ ತರಲು ಏನೂ ಉಳಿಯುವುದಿಲ್ಲ.

"ಅಂಗಡೀದು ನಿಂತ್ಕೊಂಡು ನೋಡೋರಿಗೆ ಮಾಡಿದ್ದು ಪುಟ್ಟಿ" ಎಂದ ಅಣ್ಣ. ನಲವತ್ತು ದಾಟಿದರೂ ಅವನಿಗೆ ನಾನು ಪುಟ್ಟಿಯೇ.

ಅಣ್ಣ ಬಂದರಿನಲ್ಲಿ ಮುಳುಗುಗಾರನಾಗಿದ್ದ. ಹಡಗಿನ ಹೊಟ್ಟೆಗೆ ಅಂಟಿದ ಚಿಪ್ಪು ಕೆರೆಯುವುದು, ಪ್ರೊಪೆಲ್ಲರಿಗೆ ಸುತ್ತಿಕೊಂಡ ಹಗ್ಗ ಕತ್ತರಿಸುವುದು, ನೀರಿನಡಿಯಲ್ಲೇ ವೆಲ್ಡಿಂಗ್ ಮಾಡುವುದು ಅವನ ಕೆಲಸ. ಎರಡು ವರ್ಷದ ಹಿಂದೆ ಅವನು ಕೆಳಗಿದ್ದಾಗ ಗಾಳಿಯ ಕೊಳವೆ ಕೈಕೊಟ್ಟಿತು. ಮೇಲೆ ಅವನ ಹಗ್ಗ ಹಿಡಿದಿದ್ದ ಜೊತೆಗಾರ ಎಳೆದೇ ಎಳೆದ. ತಡೆದು ತಡೆದು ಬರಬೇಕಾದ ದಾರಿಯನ್ನು ಒಂದೇ ಉಸಿರಿಗೆ ಬಂದದ್ದರಿಂದ ಜೀವ ಉಳಿಯಿತು. ಆದರೆ ರಕ್ತದಲ್ಲಿ ಗಾಳಿಯ ಗುಳ್ಳೆ ಕಟ್ಟಿ ಬೆನ್ನುಹುರಿಗೆ ಹೊಡೆಯಿತು. ಸೊಂಟದಿಂದ ಕೆಳಗೆ ಅವನಿಗೆ ಈಗ ಬಿಸಿ, ತಂಪು, ನೋವು ಯಾವುದೂ ತಿಳಿಯುವುದಿಲ್ಲ.

ತೊಟ್ಟಿಯ ಸುದ್ದಿ ಕೇಳಿದವರೆಲ್ಲ, "ಪಾಪ, ಸಮುದ್ರದ ಬಣ್ಣ ನೋಡಿ ಅಭ್ಯಾಸವಾದ ಕಣ್ಣು" ಎಂದು ಲೊಚಗುಟ್ಟಿದರು. ಬಣ್ಣವಂತೆ ಬಣ್ಣ! ಬಂದರಿನ ನೀರೆಂದರೆ ಡೀಸೆಲ್ ಬೆರೆತ ಕೆಸರು. ಅಲ್ಲಿ ಅಣ್ಣನಿಗೆ ತನ್ನ ಕೈಯೇ ತನಗೆ ಕಾಣುತ್ತಿರಲಿಲ್ಲ. ನಟ್ಟು ಯಾವುದು, ಬಿರುಕು ಯಾವುದು, ತುಕ್ಕು ಎಷ್ಟು ಆಳಕ್ಕೆ ಹೋಗಿದೆ ಎಂಬುದನ್ನೆಲ್ಲ ಅವನು ತಡವಿ ತಡವಿಯೇ ತಿಳಿದುಕೊಳ್ಳುತ್ತಿದ್ದ. ಹವಳವನ್ನು ಅವನು ಕಂಡದ್ದು ಒಂದೇ ಸಲ, ಬಂದರಿನಿಂದ ಬಹಳ ದೂರದ ತಿಳಿನೀರಿನಲ್ಲಿ ಕೊಳವೆಯ ರಿಪೇರಿಗೆ ಹೋದಾಗ. ಆವತ್ತು ಮನೆಗೆ ಬಂದು, ಊಟಕ್ಕೆ ಕೂತು, "ಕಲ್ಲು ಅಂತ ಕೈಯಿಟ್ಟೆ, ಅದು ಉಸಿರಾಡ್ತಾ ಇತ್ತು" ಎಂದಿದ್ದ.

ಇನ್ನು ನಮ್ಮ ಅತ್ತಿಗೆ. ಆಸ್ಪತ್ರೆಯಲ್ಲಿ ಆಪರೇಷನ್ನಿನ ಕತ್ತರಿ, ಚಾಕು, ಇಕ್ಕಳಗಳನ್ನು ತೊಳೆದು, ಉಗಿಯಲ್ಲಿಟ್ಟು, ಮೊಹರು ಹಾಕಿ ಕಳಿಸುವ ಕೋಣೆಗೆ ಅವಳೇ ಮುಖ್ಯಸ್ಥೆ. ಅವಳ ಕೈ ದಾಟಿದ ಮೇಲೆ ಒಂದು ಕ್ರಿಮಿ ಉಳಿದರೆ ಕೇಳಿ. ಮನೆಯನ್ನೂ ಹಾಗೆಯೇ ಇಟ್ಟಿದ್ದಳು. ಅಣ್ಣನ ಕೋಣೆಯ ನೆಲಕ್ಕೆ ದಿನಕ್ಕೆರಡು ಸಲ ಔಷಧದ ನೀರು, ಹಾಸಿಗೆಯ ಬಟ್ಟೆಗೆ ಕುದಿನೀರು. ಬಂದವರು ಕೈ ತೊಳೆದು ಬಾಗಿಲಾಚೆಯೇ ಕೂರಬೇಕು. ನಾನು ಎಷ್ಟೋ ಸಲ ಸಿಡುಕಿದ್ದೇನೆ. ಆದರೂ ಸತ್ಯವನ್ನು ಸತ್ಯವೆಂದೇ ಹೇಳಬೇಕು: ಅಣ್ಣನಂಥವರು ಬೆನ್ನಿನ ಹುಣ್ಣಿನಿಂದ, ಸೋಂಕಿನಿಂದ ಸಾಲುಸಾಲಾಗಿ ಹೋಗುತ್ತಾರೆ. ಅಣ್ಣನಿಗೆ ಒಂದು ಗುಳ್ಳೆಯೂ ಏಳಲಿಲ್ಲ.

ಹೀಗಿರುವಾಗ ಅಣ್ಣ ಯಾರಿಗೂ ಹೇಳದೆ ಆರೈಕೆ ಕೇಂದ್ರವೊಂದಕ್ಕೆ ಅರ್ಜಿ ಹಾಕಿದ. ಹಾಸಿಗೆ ಖಾಲಿಯಾದಾಗ ತಿಳಿಸುತ್ತೇವೆ ಎಂದು ಅವರ ಫೋನು ಬಂದಾಗಲೇ ನಮಗೆ ತಿಳಿದದ್ದು. "ನಿಮಗೂ ಹಗುರ, ನನಗೂ ಹಗುರ" ಎಂದ, ಅಷ್ಟೆ. ಅತ್ತಿಗೆ ಅಂದು ಅಡುಗೆಮನೆಯ ಕಪಾಟುಗಳನ್ನೆಲ್ಲ ಖಾಲಿ ಮಾಡಿ ಒರೆಸಿದಳು. ಅದಾದ ವಾರಕ್ಕೆ ಅಣ್ಣ ತೊಟ್ಟಿಯ ಮಾತೆತ್ತಿದ.

"ಅದ್ರಲ್ಲಿ ಹುಳ ಇರುತ್ತಾ?" ಎಂದು ಅತ್ತಿಗೆ ಕೇಳಿದಳು.

"ಇರುತ್ತೆ."

"ವಾಸನೆ?"

"ಮೊದಮೊದಲು ಬರುತ್ತೆ. ಆಮೇಲೆ ಕಡಲಿನ ವಾಸನೆ ಅಷ್ಟೇ."

ಅತ್ತಿಗೆ ಗೋಡೆಯನ್ನು ನೋಡಿದಳು, ಆಗ ತಾನೇ ಒರೆಸಿದ್ದ ನೆಲವನ್ನು ನೋಡಿದಳು. "ಆಯ್ತು, ತನ್ನಿ" ಎಂದಳು. ಆಮೇಲೆ ಪಾತ್ರೆ ತೊಳೆಯುತ್ತ, ನನ್ನ ಮುಖ ನೋಡದೆ, "ಇದೊಂದು ಹತ್ಕೊಂಡ್ರೆ ಅವ್ರು ಹೋಗಲ್ಲ ಅಲ್ವೇನೆ?" ಎಂದು ಕೇಳಿದಳು. ಹೋಗಲ್ಲ ಬಿಡಿ ಅತ್ತಿಗೆ ಎಂದೆ. ನನಗೂ ಅದೇ ಆಸೆಯಿತ್ತು.

ಅಣ್ಣನ ಹಗ್ಗ ಹಿಡಿಯುತ್ತಿದ್ದ ಜೊತೆಗಾರನನ್ನು ಬಂದರಿನಲ್ಲಿ ಎಲ್ಲರೂ ಹಗ್ಗ ಎಂದೇ ಕರೆಯುತ್ತಾರೆ. ತೊಟ್ಟಿಯ ಕೆಲಸಕ್ಕೆ ಅವನೇ ಬಂದ. ಗಾಜಿನ ಕೆಲಸದವನು ಅಣ್ಣನ ಅಳತೆಯಂತೆ ಅಗಲವಾದ, ಗಿಡ್ಡನೆಯ ತೊಟ್ಟಿ ಮಾಡಿಕೊಟ್ಟು, "ಇದೇನ್ರೀ, ಕರು ನೀರು ಕುಡಿಯೋ ಬಾನಿ ಥರ ಇದೆ" ಎಂದು ನಕ್ಕ. ನೀರು ತುಂಬಿದರೆ ಅದರ ತೂಕ ಒಂದು ಕಾರಿನ ಅರ್ಧದಷ್ಟಾಗುತ್ತದೆ ಎಂದು ಅಣ್ಣ ಲೆಕ್ಕ ಹಾಕಿ, ತೊಲೆ ಹಾದುಹೋಗುವ ಗೋಡೆಗೆ ತಾಗಿಸಿಯೇ ಕಬ್ಬಿಣದ ಚೌಕಟ್ಟು ಹಾಕಿಸಿದ. ಗಾಲಿಕುರ್ಚಿಯ ಮುಂಭಾಗ ಕೆಳಗೆ ತೂರಲು ಜಾಗ ಬಿಡಿಸಿದ. ನಲ್ಲಿಯ ನೀರು ಆಗದು, ಶುದ್ಧ ಮಾಡಿದ ನೀರೇ ಬೇಕು. ಅದಕ್ಕೆ ಪುಡಿ ಉಪ್ಪು ಬೆರೆಸಿ ಡ್ರಮ್ಮಿನಲ್ಲಿ ಇಡೀ ದಿನ ತಿರುಗಿಸಬೇಕು. ಅಲೆಯೆಬ್ಬಿಸಲು ಎರಡು ಪಂಪು, ಮೇಲೆ ನೀಲಿ ದೀಪ. ಎಲ್ಲ ಆದ ಮೇಲೆ ಹಗ್ಗ ಅಂಗಡಿಯಿಂದ ಜೀವಂತ ಕಲ್ಲುಗಳನ್ನು ಒದ್ದೆ ಕಾಗದದಲ್ಲಿ ಸುತ್ತಿ ತಂದ.

ನೋಡಲು ಅವು ಯಾವುದೋ ಹಳೆಯ ಕಟ್ಟಡದ ಕಲ್ಲಿನ ಹಾಗೆಯೇ ಇದ್ದವು. ಕಣ್ಣಿಗೆ ಕಾಣದ ಕೋಟಿ ಜೀವಗಳು ಅವುಗಳ ರಂಧ್ರಗಳಲ್ಲಿ ಕೂತಿರುತ್ತವೆ, ಮೀನಿನ ಹೊಲಸನ್ನು ತಿಂದು ನೀರನ್ನು ನೀರಾಗಿ ಉಳಿಸುವುದು ಅವೇ ಎಂದು ಅಣ್ಣ ವಿವರಿಸಿದ. ಅವು ನೆಲೆಯೂರುವವರೆಗೆ ಏನನ್ನೂ ಹಾಕುವಂತಿಲ್ಲ. ಹಾಕಿದರೆ ನೀರಿನಲ್ಲಿ ಅಮೋನಿಯದ ವಿಷ ಏರಿ ಮೀನುಗಳು ಸಾಯುತ್ತವೆ. "ಹಾಗಾದ್ರೆ ಈಗ ಮಾಡೋದೇನು?" ಎಂದು ಕೇಳಿದೆ. "ಏನೂ ಮಾಡ್ದೇ ಇರೋದು" ಎಂದ. ಮೇಲಕ್ಕೆ ಬರುವ ಆತುರದಲ್ಲಿ ಅರ್ಧ ಮೈ ಕಳೆದುಕೊಂಡವನಿಗೆ ಆತುರಗಾರನಿಗೆ ಬುದ್ಧಿ ಮಟ್ಟ ಎಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಮೊದಲು ವಾಸನೆ ಬಂತು. ಆಮೇಲೆ ಗಾಜಿನ ಮೇಲೆ, ಮರಳಿನ ಮೇಲೆ ಕಂದು ಬಣ್ಣದ ಲೋಳೆ. ಅದರ ಹಿಂದೆಯೇ ಹಸಿರು ಕೂದಲಿನಂಥ ಪಾಚಿ. ಕೆಲಸ ಮುಗಿಸಿ ಬಂದ ಅತ್ತಿಗೆ ಆ ಕಡೆ ನೋಡದೆ ಒಳಗೆ ಹೋಗುತ್ತಿದ್ದಳು. "ಕೈ ಕೆಸರಾದ್ರೆ ಬಾಯಿ ಮೊಸರು ಕಣೆ, ಬಾ, ಒಂದು ಕಲ್ಲು ಎತ್ತಿಡು" ಎಂದು ಅಣ್ಣ ಕರೆದರೆ, "ನಿಮ್ಮ ಮೊಸರು ನಿಮಗೇ ಇರ್ಲಿ" ಎನ್ನುತ್ತಿದ್ದಳು. ಎಷ್ಟೋ ಕಾಲದ ಮೇಲೆ ಇಬ್ಬರೂ ತಮಾಷೆ ಮಾಡಿದ್ದು ಆಗಲೇ. ನಾನು ಒಳಗೊಳಗೇ ಹಿಗ್ಗಿದೆ.

ದಿನ ಕಳೆದಂತೆ ಬಸವನಹುಳಗಳು ಬಂದವು, ಪಾಚಿ ಮೇಯ್ದವು. ಕಿತ್ತಳೆ ಬಣ್ಣದ ಪಟ್ಟೆಮೀನಿನ ಜೋಡಿಯೊಂದು ಬಂತು. ಕೊನೆಗೆ ಒಂದು ಮೆದು ಹವಳದ ತುಂಡು, ಅಣಬೆಯ ಆಕಾರದ್ದು. ಅಣ್ಣ ತೋಳನ್ನು ಭುಜದವರೆಗೆ ಇಳಿಸಿ, ಅದನ್ನು ನಡುವಿನ ಕಲ್ಲಿನ ಮೇಲೆ ತಾನೇ ಕೂರಿಸಿದ. ಕೆಲವು ದಿನಗಳಲ್ಲಿ ಅದರ ತಲೆಯ ತುಂಬ ಸಣ್ಣ ಸಣ್ಣ ಬೆರಳುಗಳು ಎದ್ದು ಅಲೆಗೆ ಓಲಾಡತೊಡಗಿದವು. ಅಣ್ಣ ಬೆಳಿಗ್ಗೆ ತಾನೇ ನಮ್ಮನ್ನು ಕರೆದು ಕುರ್ಚಿಗೆ ಕೂರಿಸಿಕೊಳ್ಳುತ್ತಿದ್ದ, ತಾನೇ ಕುರ್ಚಿ ತಳ್ಳಿಕೊಂಡು ಬರುತ್ತಿದ್ದ. ಆರೈಕೆ ಕೇಂದ್ರದ ಹೆಸರು ಅವನ ಬಾಯಲ್ಲಿ ಬರುವುದು ನಿಂತಿತು.

ಒಂದು ವಾರ ಅಣಬೆ ಮುದುಡಿಕೊಂಡಿತು. ಬೆರಳುಗಳೆಲ್ಲ ಒಳಗೆ ಹೋಗಿ, ಮೇಲೆ ಮೇಣದಂಥ ಬಿಳಿ ಸಿಪ್ಪೆ ಕಟ್ಟಿತು. ನಾನು ಗಾಬರಿಯಾಗಿ ಕೇಳಿದಾಗ, ಅದು ಪೊರೆ ಬಿಡುತ್ತದೆ, ಬಿಟ್ಟ ಮೇಲೆ ಇನ್ನೂ ದೊಡ್ಡದಾಗುತ್ತದೆ ಎಂದು ಅಣ್ಣ ಹೇಳಿದ. ಅತ್ತಿಗೆ ಕೇಳಲಿಲ್ಲ, ನಾವೂ ಹೇಳಲಿಲ್ಲ.

ಆ ಭಾನುವಾರ ಹಗ್ಗ ಬಂದು, ಬಂದರಿನ ಹಳೆಯ ಗೆಳೆಯರೆಲ್ಲ ಕಾಯುತ್ತಿದ್ದಾರೆ, ಅಣ್ಣ ಒಮ್ಮೆ ಬರಲೇಬೇಕು ಎಂದ. ಅಪಘಾತವಾದ ಮೇಲೆ ಆಸ್ಪತ್ರೆಗೆ ಬಿಟ್ಟರೆ ಅಣ್ಣ ಹೊರಗೆ ಹೋಗಿರಲಿಲ್ಲ. ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ನಾನೇ ಕರೆದುಕೊಂಡು ಹೋದೆ. ಅತ್ತಿಗೆ ಬರಲಿಲ್ಲ. "ನೀವು ಹೋಗಿ ಬನ್ನಿ, ನನಗೆ ಮನೇಲಿ ಸ್ವಲ್ಪ ಕೆಲಸ ಇದೆ" ಎಂದು ನಗುತ್ತ ಬಾಗಿಲಲ್ಲಿ ನಿಂತಳು. ಆ ನಗುವಿನಲ್ಲೇ ನನಗೆ ಸಂಶಯ ಬರಬೇಕಿತ್ತು.

ನಾವು ಮೂವರೂ ಮರಳಿದಾಗ ಮುಂಗೋಣೆಯಿಂದ ಆಸ್ಪತ್ರೆಯ ವಾಸನೆ ಬರುತ್ತಿತ್ತು. ತೊಟ್ಟಿಯ ಗಾಜು ಇದೆಯೋ ಇಲ್ಲವೋ ಎಂಬಷ್ಟು ತಿಳಿಯಾಗಿತ್ತು. ಮರಳು ಸಕ್ಕರೆಯಷ್ಟು ಬಿಳುಪಾಗಿತ್ತು. ಕಲ್ಲುಗಳೂ ಬೆಳ್ಳಗೆ, ಸುಣ್ಣ ಬಳಿದ ಹಾಗೆ. ಡ್ರಮ್ಮಿನಲ್ಲಿದ್ದ ಹೊಸ ಉಪ್ಪುನೀರಿನಲ್ಲಿ ಮೀನುಗಳೆರಡು ಒಂದು ಮೂಲೆ ಸೇರಿ ನಿಂತಿದ್ದವು. ಅತ್ತಿಗೆ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಬೆವರು ಒರೆಸಿಕೊಳ್ಳುತ್ತ, ಬಹುಮಾನ ಗೆದ್ದ ಮಗುವಿನಂತೆ ನಿಂತಿದ್ದಳು.

"ನೋಡಿ ಹೆಂಗಿದೆ! ಒಂದೊಂದೇ ಕಲ್ಲು ತೆಗೆದು, ಬ್ರಶ್ಶಲ್ಲಿ ಉಜ್ಜಿ, ಬ್ಲೀಚಲ್ಲಿ ನೆನೆಹಾಕಿ, ನಮ್ಮ ಕತ್ತರಿ ತೊಳೆಯೋ ಹಾಗೇ ತೊಳೆದಿದೀನಿ."

ಹಗ್ಗ ನೆಲ ನೋಡಿದ. ನನಗೆ ಕಾಲಡಿಯ ಬ್ರೇಕು ಸಿಗದ ಹಾಗಾಯಿತು. ಅಣ್ಣ ಕುರ್ಚಿಯನ್ನು ತೊಟ್ಟಿಯ ಕೆಳಗೆ ತೂರಿಸಿ, ತೋಳನ್ನು ನೀರಿಗೆ ಇಳಿಸಿದ. ಕಣ್ಣು ಮುಚ್ಚಿಕೊಂಡು ಒಂದೊಂದು ಕಲ್ಲನ್ನೂ ತಡವಿದ. ಬಂದರಿನಲ್ಲಿ ಹಡಗಿನ ಅಡಿಯನ್ನು ಹೀಗೆಯೇ ತಡವುತ್ತಿದ್ದನೇನೋ.

"ಅಣಬೆ ಎಲ್ಲಿ?"

"ಅದು ಕೊಳೆತುಹೋಗಿತ್ತು ರೀ. ಬೇರೆದಕ್ಕೆ ಹರಡಬಾರ್ದು ಅಂತ ಕಿತ್ತು, ಕವರಿಗೆ ಹಾಕಿ ಕಟ್ಟಿ ಬಿಸಾಕ್ದೆ."

"ಕೊಳೆತಿರಲಿಲ್ಲ. ಪೊರೆ ಬಿಡ್ತಾ ಇತ್ತು."

ಅತ್ತಿಗೆಯ ಮುಖದ ನಗು ಇಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಅಣ್ಣ ಕೂಗಾಡಲಿಲ್ಲ. ಕಲ್ಲಿನಲ್ಲಿದ್ದದ್ದೆಲ್ಲ ಸತ್ತಿದೆ, ಮೀನು ಇದರಲ್ಲಿ ಬದುಕುವುದಿಲ್ಲ, ಇವತ್ತೇ ಅಂಗಡಿಗೆ ವಾಪಸು ಕೊಟ್ಟುಬಿಡು ಎಂದು ಹಗ್ಗನಿಗೆ ಹೇಳಿದ. ಹಗ್ಗ ಬಕೆಟ್ ತರಲು ಹಿತ್ತಲಿಗೆ ಹೋದ. ಅಷ್ಟು ತಿಂಗಳ ಕಾಯುವಿಕೆಯೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಗಿತ್ತು. ಆಮೇಲೆ ಅಣ್ಣ ನನ್ನ ಕಡೆ ತಿರುಗಿದ.

"ಪುಟ್ಟಿ, ಆರೈಕೆ ಕೇಂದ್ರಕ್ಕೆ ಫೋನ್ ಮಾಡು. ಹಾಸಿಗೆ ಖಾಲಿ ಆದ ತಕ್ಷಣ ಬರ್ತೀನಿ ಅಂತ ಹೇಳು."

"ಕಲ್ಲು ತೊಳೆದಿದ್ದಕ್ಕೆ ಮನೆ ಬಿಟ್ಟು ಹೋಗ್ತೀರಾ?" ಎಂದಳು ಅತ್ತಿಗೆ. "ಎರಡು ವರ್ಷದಲ್ಲಿ ನಿಮಗೊಂದು ಹುಣ್ಣಾಗೋಕೆ ಬಿಟ್ಟಿದೀನಾ? ಒಂದು ದಿನ ಜ್ವರ ಬಂದಿದೆಯಾ? ನಾನೇನು ಕಡಿಮೆ ಮಾಡ್ದೆ, ಅದನ್ನಾದ್ರೂ ಹೇಳಿ."

"ಕಡಿಮೆ ಏನೂ ಮಾಡಿಲ್ಲ. ನಿನ್ನಿಂದ್ಲೇ ಬದುಕಿದೀನಿ." ಅಣ್ಣ ಒದ್ದೆ ಕೈಯನ್ನು ತೊಡೆಯ ಮೇಲೆ ಇಟ್ಟುಕೊಂಡ. "ಆದ್ರೆ ಆಸ್ಪತ್ರೆಯಿಂದ ಬಂದ ಮೇಲೆ ನಿನ್ನ ಕೈ ಒಂದ್ಸಲಾನೂ ನನ್ನ ಮೈಗೆ ತಾಗಿಲ್ಲ. ರಬ್ಬರು ತಾಗಿದೆ. ಮೂತ್ರದ ಕೊಳವೆ ಹಾಕೋವಾಗ ಸರಿ. ತಲೆ ಬಾಚೋವಾಗ್ಲೂ ಗ್ಲೌಸು, ಮುಖ ಒರೆಸೋವಾಗ್ಲೂ ಗ್ಲೌಸು. ಆ ಕೇಂದ್ರದಲ್ಲೂ ಗ್ಲೌಸ್ ಹಾಕ್ಕೊಂಡೇ ಮುಟ್ತಾರೆ, ಗೊತ್ತು. ಅವ್ರು ಸಂಬಳಕ್ಕೆ ಮುಟ್ಟೋರು. ಅವ್ರು ಹಾಗೆ ಮುಟ್ಟಿದ್ರೆ ನೋವಾಗಲ್ಲ."

ಆ ಗ್ಲೌಸಿನ ಡಬ್ಬಗಳನ್ನು ಅಂಗಡಿಯಿಂದ ತರುತ್ತಿದ್ದವಳು ನಾನು. ಕಪಾಟಿನಲ್ಲಿ ಜೋಡಿಸುತ್ತಿದ್ದವಳೂ ನಾನು. ಒಂದು ದಿನವೂ ನನಗೆ ಇದು ಹೊಳೆದಿರಲಿಲ್ಲ. ಕೈಯಿಂದಲೇ ಲೋಕವನ್ನು ಅರಿತಿದ್ದವನಿಗೆ, ಅರ್ಧ ಮೈಯಲ್ಲಿ ಮಾತ್ರ ಸ್ಪರ್ಶ ಉಳಿದಿದ್ದವನಿಗೆ, ನಾವು ಆ ಉಳಿದರ್ಧಕ್ಕೂ ರಬ್ಬರು ಸುತ್ತಿದ್ದೆವು.

ಅತ್ತಿಗೆ ನೆಲದ ಮೇಲೆ ಕೂತಳು. "ವಾರ್ಡಲ್ಲಿ ಕಿಟಕಿ ಪಕ್ಕ ಇದ್ರಲ್ಲ, ಅವರು ನೆನಪಿದಾರಾ ನಿಮಗೆ?" ಎಂದಳು. "ನಿಮ್ಮ ಹಾಗೇ ಬೆನ್ನಿಗೆ ಪೆಟ್ಟು. ಎಲ್ಲರನ್ನೂ ನಗಿಸ್ತಿದ್ರು. ಅವರ ಹೆಂಡ್ತಿ ಬರೀ ಕೈಯಲ್ಲಿ ಹಣ್ಣು ಸುಲಿದು ತಿನ್ನಿಸೋಳು, ಕೆನ್ನೆ ಸವರೋಳು. ಸೋಂಕು ಬಂತು, ನಾಲ್ಕು ದಿನಕ್ಕೆ ಹೋಗ್ಬಿಟ್ರು. ಅವತ್ತು ಆಕೆ ತನ್ನ ಕೈಗಳನ್ನೇ ನೋಡ್ಕೊಂಡು ಕೂತಿದ್ಲು. ನನ್ನ ಕೈಯಿಂದ ನಿಮಗೆ ಏನಾದ್ರೂ ಆದ್ರೆ ನಾನು ಹೇಗೆ ಬದುಕ್ಲಿ?"

ಅವಳು ಎದ್ದು ಬಚ್ಚಲಿಗೆ ಹೋದಳು. ನೀರು ಹರಿಯುವ ಸದ್ದು ಬಹಳ ಹೊತ್ತು ಕೇಳಿಸಿತು. ಮೊಣಕೈವರೆಗೆ ತೊಳೆದು, ತೊಯ್ದ ಕೈಗಳನ್ನು ಮೇಲೆತ್ತಿಕೊಂಡು ಬಂದು ಅಣ್ಣನ ಮುಂದೆ ನಿಂತಳು. ಎಲ್ಲಿ ಮುಟ್ಟಬೇಕೆಂದು ತಿಳಿಯದವಳಂತೆ ಸ್ವಲ್ಪ ಹೊತ್ತು ನಿಂತೇ ಇದ್ದಳು. ಆಮೇಲೆ ಒಂದು ಕೈಯನ್ನು ಅವನ ಕುತ್ತಿಗೆಯ ಹಿಂದೆ ಇಟ್ಟಳು. ಅಣ್ಣನ ಭುಜಗಳು ಅಲುಗಿದವು. ನಾನು ಬಕೆಟ್ ಹಿಡಿಯುವ ನೆಪದಲ್ಲಿ ಹಿತ್ತಲಿಗೆ ಹೋದೆ. ಗಂಡ ಹೆಂಡಿರ ನಡುವೆ ನಾದಿನಿ ನೋಡಬಾರದ ಕೆಲವು ಸಂಗತಿಗಳಿರುತ್ತವೆ.

ಆ ಫೋನನ್ನು ನಾನು ಮಾಡಲಿಲ್ಲ. ಮಾಡಿದೆಯಾ ಎಂದು ಅಣ್ಣ ಕೇಳಲೂ ಇಲ್ಲ. ಅತ್ತಿಗೆ ಬರಿಗೈಯಲ್ಲಿ ಅವನ ತಲೆ ಬಾಚಿದಳು, ಗಡ್ಡ ಹೆರೆದಳು. ಸತ್ತ ಕಲ್ಲುಗಳ ತೊಟ್ಟಿಯಲ್ಲಿ ಪಂಪು ಸುಮ್ಮನೆ ತಿರುಗುತ್ತಿತ್ತು. ಯಾರಿಗೂ ಅದನ್ನು ನಿಲ್ಲಿಸುವ ಮನಸ್ಸಿರಲಿಲ್ಲ.

ಹೆದರುವವರ ಮೇಲೆ ಹಾವು ಎಸೆದ ಹಾಗೆ, ಆ ತಿಂಗಳಲ್ಲೇ ಅಣ್ಣನಿಗೆ ಜ್ವರ ಬಂತು. ಬೆಳಿಗ್ಗೆ ಸಣ್ಣ ಚಳಿ, ಮಧ್ಯಾಹ್ನದೊಳಗೆ ಹಲ್ಲು ಕಟಕಟ. ಆಸ್ಪತ್ರೆಗೆ ಸೇರಿಸಿದೆವು. ಮೂತ್ರದ ಸೋಂಕು, ರಕ್ತಕ್ಕೂ ಇಳಿದಿದೆ ಎಂದರು. ಇಂಥ ರೋಗಿಗಳಿಗೆ ಎಷ್ಟು ನೋಡಿಕೊಂಡರೂ ಒಂದಲ್ಲ ಒಂದು ದಿನ ಇದು ಬರುತ್ತದೆ, ಯಾರ ತಪ್ಪೂ ಅಲ್ಲ ಎಂದು ಡಾಕ್ಟರು ಅತ್ತಿಗೆಗೆ ಬಿಡಿಸಿ ಹೇಳಿದರು. ಅವಳು ತಲೆಯಾಡಿಸಿದಳು. ಒಂದಕ್ಷರವೂ ಕಿವಿಯೊಳಗೆ ಇಳಿದಂತೆ ಕಾಣಲಿಲ್ಲ.

ಎರಡನೆಯ ದಿನ ನಾನು ವರಾಂಡದಲ್ಲಿದ್ದಾಗ ಆರೈಕೆ ಕೇಂದ್ರದವರ ಫೋನು ಬಂತು. ಹಾಸಿಗೆ ಖಾಲಿಯಾಗಿದೆ, ಬೇಕೋ ಬೇಡವೋ ಸಂಜೆಯೊಳಗೆ ತಿಳಿಸಿ ಎಂದರು. ನಾನು ವಾರ್ಡಿಗೆ ಹೋಗಿ ಇಬ್ಬರಿಗೂ ಕೇಳಿಸುವಂತೆ ಹೇಳಿದೆ. ಬಚ್ಚಿಡುವ ಕೆಲಸ ನನ್ನಿಂದಾಗದು.

ಅತ್ತಿಗೆ ಮಂಚದಿಂದ ದೂರ, ಗೋಡೆಗೆ ಒರಗಿ ನಿಂತಿದ್ದಳು. ಎರಡೂ ಕೈಗೆ ಗ್ಲೌಸು ಹಾಕಿಕೊಂಡಿದ್ದಳು.

"ಹೋಗಿ ರೀ" ಎಂದಳು. "ಇದು ನನ್ನ ಕೈಯಿಂದ್ಲೇ ಬಂದಿದ್ದು."

"ಇರಬಹುದು" ಎಂದ ಅಣ್ಣ.

ನನಗೆ ಮೈಯೆಲ್ಲ ಉರಿದುಹೋಯಿತು. ಅಲ್ಲ ಅನ್ನೋಕೆ ಏನು ಧಾಡಿ ಇವನಿಗೆ, ಒಂದು ಸುಳ್ಳು ಹೇಳಿದರೆ ಗಂಟೇನು ಹೋಗುತ್ತದೆ ಎಂದುಕೊಂಡೆ. ಅಣ್ಣ ಉಸಿರು ಕೂಡಿಸಿಕೊಳ್ಳುತ್ತಿದ್ದ. ತುಟಿ ಒಣಗಿ ಸೀಳಿತ್ತು.

"ಬಾ ಇಲ್ಲಿ. ಅದನ್ನ ತೆಗಿ."

ಅವಳು ಅಲುಗಲಿಲ್ಲ. ಅಣ್ಣ ಹೊದಿಕೆಯಿಂದ ಕೈ ಹೊರಗೆ ಹಾಕಿ, ಅವಳತ್ತ ಚಾಚಿ, ಹಾಗೆಯೇ ಹಿಡಿದ. ಕೈ ಜ್ವರಕ್ಕೆ ನಡುಗುತ್ತಿತ್ತು. ಅದು ಕೆಳಗೆ ಬೀಳುವ ಮೊದಲು ಅತ್ತಿಗೆ ಗ್ಲೌಸು ಕಿತ್ತು ಎಸೆದು ಬಂದು ಹಿಡಿದುಕೊಂಡಳು.

"ಅಲ್ಲಿದ್ದಿದ್ರೆ ಈ ಜ್ವರ ಬರ್ತಿರ್ಲಿಲ್ಲ ರೀ" ಎಂದು ಅಳುತ್ತ ಹೇಳಿದಳು.

"ಅಲ್ಲಿದ್ದಿದ್ರೆ ಇದೂ ಬರ್ತಿರ್ಲಿಲ್ಲ" ಎಂದು ಅಣ್ಣ ಅವಳ ಕೈಯನ್ನು ಎಳೆದು ತನ್ನ ಕೆನ್ನೆಗೆ ಒತ್ತಿಕೊಂಡ.

ನಾನು ವರಾಂಡಕ್ಕೆ ಬಂದು ಫೋನು ಮಾಡಿದೆ. ಆ ಹಾಸಿಗೆ ಬೇರೆ ಯಾರಿಗಾದರೂ ಕೊಡಿ, ನಮ್ಮಣ್ಣ ಮನೆಯಲ್ಲೇ ಇರುತ್ತಾನೆ ಎಂದೆ. ಆ ಕಡೆಯ ಹೆಂಗಸು ಒಳ್ಳೆಯವಳೇ, ಕಾಳಜಿಯಿಂದಲೇ ಕೇಳಿದಳು: "ಇಂಥವರನ್ನ ಮನೇಲಿ ಇಟ್ಕೊಳ್ಳೋದು ಕಷ್ಟ ಮೇಡಂ. ನಾಳೆ ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಯಾರು ಜವಾಬ್ದಾರಿ?"

"ನಾವೇ" ಎಂದೆ.